ಸಾವಿನ ನಂತರ ಮನೆಯ ಪೇಟಿ ಮತ್ತೆ ತೆಗೆಯುವಾಗ

ದಾವಣಗೆರೆ, ಚಿತ್ರದುರ್ಗದ ಹಳ್ಳಿಗಳಲ್ಲಿ ಸಾವಾದ ರಾತ್ರಿ ಭಜನೆಯವರು ಬಂದು ಬೆಳಗಿನತನಕ ಹಾಡುತ್ತಾರೆ. ಕಾರ್ಯ ಮುಗಿದ ಮೇಲೆ ಮನೆಯಲ್ಲಿ ಹಾಡು ನಿಲ್ಲುತ್ತದೆ, ತೀರಿಕೊಂಡವರು ನುಡಿಸುತ್ತಿದ್ದ ಹಾರ್ಮೋನಿಯಂ, ಅಂದರೆ ಪೇಟಿ, ಅಟ್ಟ ಸೇರುತ್ತದೆ. ಅದನ್ನು ಇಳಿಸುವವರು ಮೊದಲು ಶ್ರುತಿ, ಆಮೇಲೆ ತಾಳ, ಕೊನೆಗೆ ಹಾಡು ಹಿಡಿಯಬೇಕು. ನೇರವಾಗಿ ಅವರ ಮೆಚ್ಚಿನ ಹಾಡಿಗೇ ಕೈಹಾಕಿದರೆ ಎರಡನೇ ಸಾಲಿಗೆ ಗಂಟಲು ಕಟ್ಟಿ ಪೇಟಿ ಮತ್ತೆ ಅಟ್ಟಕ್ಕೇ ಹೋಗುತ್ತದೆ.

ಪೇಟಿ ಮೊದಲು ನೋಡಿ. ಗಾಳಿಯ ದಾರಿ ತೆರೆದು ಮುಚ್ಚುವ ಮುಂದಿನ ಗುಬ್ಬಿಗಳನ್ನು, ಅಂದರೆ ಸ್ಟಾಪರ್‌ಗಳನ್ನೆಲ್ಲ, ಒಳಗೆ ತಳ್ಳಿ, ಗಾಳಿ ತುಂಬುವ ತಿದಿಯನ್ನು ಎರಡು ಸಲ ಮೆಲ್ಲಗೆ ಒತ್ತಿ. ಗಾಳಿ ತಟ್ಟನೆ ಇಳಿದರೆ ಮಡಿಕೆಯೋ ಮೂಲೆಯ ತೊಗಲೋ ಬಿಟ್ಟಿದೆ ಎಂದರ್ಥ. ಜೋರಾಗಿ ಒತ್ತಿದರೆ ಗಾಳಿಗೆ ದಾರಿಯಿಲ್ಲದೆ ಹಳೆಯ ಮಡಿಕೆ ಹರಿಯುತ್ತದೆ. ನಂತರ ಸ್ಟಾಪರ್ ಎಳೆದು, ಯಾವ ಕೀಯನ್ನೂ ಮುಟ್ಟದೆ ಗಾಳಿ ತುಂಬಿ. ಒಂದು ಸ್ವರ ತಾನಾಗಿ ಕೂಗಿದರೆ ಆ ಕೀಯ ಸ್ಪ್ರಿಂಗ್ ಜಾರಿರುತ್ತದೆ, ಇಲ್ಲವೇ ಅಡಿಯ ಮೆತ್ತೆಗೆ ಕಸ ಸಿಕ್ಕಿರುತ್ತದೆ. ಮುಚ್ಚಳ ತೆಗೆದು ಒಣ ಬ್ರಶ್ಶಿನಿಂದ ಧೂಳು ಹೊಡೆದರೆ ಎಷ್ಟೋ ಸಲ ಸರಿಹೋಗುತ್ತದೆ. ಕೀ ಒತ್ತಿದರೂ ಸದ್ದಿಲ್ಲವೆಂದರೆ ರಿಪೇರಿಯವರಿಗೇ ಕೊಡಿ. ರೀಡನ್ನು, ಅಂದರೆ ಗಾಳಿಗೆ ನಡುಗಿ ಸ್ವರ ಕೊಡುವ ಲೋಹದ ಪಟ್ಟಿಯನ್ನು, ನೀವೇ ಕೆರೆಯಬೇಡಿ: ಅದರ ನಾಲಿಗೆಯನ್ನು ತುದಿಯಲ್ಲಿ ಕೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ. ಎಣ್ಣೆಯಂತೂ ಬೇಡವೇ ಬೇಡ.

ಇನ್ನು ಶ್ರುತಿ, ಅಂದರೆ ಹಾಡುವವರು ‘ಸ’ ಎಂದು ಹಿಡಿಯುವ ಕೀ. ಕರಿ, ಬಿಳಿ ಕೀಗಳನ್ನು ಬೇರೆಬೇರೆಯಾಗಿ ಎಣಿಸಿ ಅದಕ್ಕೆ ಹೆಸರು ಹೇಳುತ್ತಾರೆ. ಗಂಡಸರಿಗೆ ಸಾಮಾನ್ಯವಾಗಿ ಕರಿ 1ರಿಂದ ಕರಿ 2, ಹೆಂಗಸರಿಗೆ ಕರಿ 4ರಿಂದ ಕರಿ 5 ಒಗ್ಗುತ್ತದೆ. ಅತ್ತು ದಣಿದ ಗಂಟಲು ಅಷ್ಟು ಎತ್ತರಕ್ಕೆ ಏಳುವುದಿಲ್ಲ, ಒಂದು ಮನೆ, ಅಂದರೆ ಪಕ್ಕದ ಒಂದು ಕೀ, ಇಳಿಸಿ: ಕರಿ 5ರಲ್ಲಿ ಹಾಡುತ್ತಿದ್ದವರು ಬಿಳಿ 6ಕ್ಕೆ. ಸ, ಪ, ಮೇಲಿನ ಸ ಒತ್ತಿಹಿಡಿದು ಬೆಳಿಗ್ಗೆ ಹತ್ತು ನಿಮಿಷ ಬಾಯಿಮುಚ್ಚಿ ಗುನುಗಿ, ಆಮೇಲೆ ಆಕಾರ, ಅಂದರೆ ಬಾಯಿ ತೆರೆದು ‘ಆ’ ಎಂದು ಹಾಡುವುದು. ಉಸಿರು ಎಳೆದುಕೊಳ್ಳುವುದಕ್ಕಿಂತ ಬಿಡುವುದು ಉದ್ದವಾಗಿರಲಿ. ಅಳು ಬಂದರೆ ಹಾಡು ನಿಲ್ಲಿಸಿ, ತಿದಿ ನಿಲ್ಲಿಸಬೇಡಿ. ಶ್ರುತಿ ನಡೆಯುತ್ತಿದ್ದರೆ ಅತ್ತಾದ ಮೇಲೆ ಮತ್ತೆ ಗುನುಗಲು ದಾರಿ ಇರುತ್ತದೆ. ಎರಡು ಗುಟುಕು ಉಗುರುಬೆಚ್ಚಗಿನ ನೀರು ಕುಡಿದು ಮುಂದುವರಿಸಿ.

ಸ್ವರ ನಿಂತ ಮೇಲೆ ಊರಿನ ಭಜನೆಗೆ ಹೋಗಿ. ಹಿಮ್ಮೇಳದಲ್ಲಿ ಕೂತು ಕೈಗೆ ತಾಳ ತೆಗೆದುಕೊಳ್ಳುವುದೇ ವಾಸಿ, ಹಾಡಲೇಬೇಕೆಂದು ಯಾರೂ ಒತ್ತಾಯಿಸುವುದಿಲ್ಲ. ಭಜನೆಯ ಹಾಡುಗಳು ಹೆಚ್ಚಾಗಿ ಎಂಟು ಮಾತ್ರೆಯವು. ಹೊಸಬರು ಹುರುಪಿನಲ್ಲಿ ತಾಳ ಓಡಿಸುತ್ತಾರೆ. ಹಾಡುವವರ ಮುಖ ಬಿಟ್ಟು ತಬಲಾದವರ ಕೈ ನೋಡಿದರೆ ತಾಳ ಓಡುವುದಿಲ್ಲ. ಸಾವಿನ ರಾತ್ರಿ ಹಾಡಿದವರೇ ಈ ಮೇಳದಲ್ಲಿದ್ದರೆ, ಆ ರಾತ್ರಿಯ ಪದ ಸದ್ಯಕ್ಕೆ ಬೇಡ ಎಂದು ಮೊದಲೇ ಹೇಳಿಬಿಡಿ. ಸಂಕೋಚ ಬೇಡ, ಅವರಿಗೂ ಅದು ಗೊತ್ತಿರುತ್ತದೆ.

ಇಷ್ಟಾದರೂ ವಾರಗಟ್ಟಲೆ ನಿದ್ದೆ, ಊಟ ಸೇರದಿದ್ದರೆ, ಬದುಕೇ ಬೇಡವೆನಿಸಿದರೆ ಹಾಡಿನ ಮೇಲೆ ಭಾರ ಹಾಕಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಉಚಿತ.

ತೀರಿಕೊಂಡವರ ಹಾಡುಗಳನ್ನು ಹಾಡುವುದು ತಡವಾದರೂ ನಡೆಯುತ್ತದೆ, ಕೂಡಿಡುವುದು ತಡವಾಗಬಾರದು. ಚಳ್ಳಕೆರೆ ಸೀಮೆಯ ಜನಪದ ಹಾಡುಗಾರ್ತಿ ಸಿರಿಯಜ್ಜಿಯಂತೆ ಸಾವಿರಾರು ಹಾಡು ನೆನಪಿಟ್ಟವರು ಎಲ್ಲರ ಮನೆಯಲ್ಲೂ ಸಿಗುವುದಿಲ್ಲ. ಅತ್ತೆ, ಚಿಕ್ಕಪ್ಪ, ಜೊತೆ ಹಾಡಿದವರಿಂದ ಒಂದೊಂದು ಪದ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಸಿ, ಎರಡು ಕಡೆ ಕಾಪಿ ಇಡಿ. ಒಂದು ನೋಟ್‌ಬುಕ್ಕಿನಲ್ಲಿ ಸಾಹಿತ್ಯ, ಅವರು ಹಾಡುತ್ತಿದ್ದ ಶ್ರುತಿ, ತಾಳ ಬರೆಯಿರಿ. ಧಾಟಿ ಬರೆಯಲು ಬಾರದಿದ್ದರೆ ಮೊದಲ ಸಾಲಿನ ಸ್ವರ ಗುರುತಿಸಿಕೊಂಡರೂ ಸಾಕು.