ಮೊಳಕೆ ರಾಗಿಯಿಂದ ಅಮೈಲೇಸ್: ಒಂದು ಸೆಮಿಸ್ಟರ್ ಪ್ರಾಜೆಕ್ಟ್ ಮಾಡಿದ ಬಗೆ

ಮಗುವಿಗೆ ಸರಿ ಕಲಸುವ ಮನೆಗಳಲ್ಲಿ ಗೊತ್ತಿರುವ ಸಂಗತಿ ಇದು: ಹಸಿ ರಾಗಿ ಹಿಟ್ಟಿನ ಸರಿ ಗಟ್ಟಿಯಾಗುತ್ತದೆ, ಅದೇ ಅಳತೆಯ ಮೊಳಕೆ ರಾಗಿ ಹಿಟ್ಟಿನದು ತೆಳ್ಳಗಾಗುತ್ತದೆ, ಸ್ವಲ್ಪ ಸಿಹಿಯಾಗಿಯೂ ಇರುತ್ತದೆ. ಮೊಳಕೆ ಒಡೆಯುವಾಗ ಕಾಳಿನಲ್ಲಿ ಹುಟ್ಟುವ ಅಮೈಲೇಸ್ ಪಿಷ್ಟವನ್ನು ಕತ್ತರಿಸುವುದೇ ಇದಕ್ಕೆ ಕಾರಣ. 1833ರಲ್ಲಿ ಪಾಯೆನ್ ಮತ್ತು ಪೆರ್ಸೋಜ್ ಬಾರ್ಲಿ ಮೊಳಕೆಯಿಂದ ಬೇರ್ಪಡಿಸಿ ಡಯಾಸ್ಟೇಸ್ ಎಂದು ಕರೆದದ್ದು ಇದೇ ಬಗೆಯ ಕಿಣ್ವಗಳನ್ನು. ಬಯೋಕೆಮಿಸ್ಟ್ರಿ ವಿದ್ಯಾರ್ಥಿಗಳ ಪ್ರಾಜೆಕ್ಟಿಗೆ ನಾವು ರಾಗಿಯನ್ನು ಆರಿಸಿಕೊಂಡದ್ದು ಕಾಳು ಅಗ್ಗ, ಕಿಣ್ವ ಗಟ್ಟಿ, ಹದಿನಾಲ್ಕು ವಾರದಲ್ಲಿ ಕೆಲಸ ಮುಗಿಯುತ್ತದೆ ಎಂಬ ಕಾರಣಕ್ಕೆ. ಆದರೆ ಇದರಲ್ಲಿ ಒಂದು ದೊಡ್ಡ ಗುಂಡಿ ಇದೆ. ಮೊಳಕೆ ಕಾಳಿನಲ್ಲಿ ಕಿಣ್ವದ ಜೊತೆಗೆ ಸಕ್ಕರೆಯೂ ಇರುತ್ತದೆ, ನಾವು ಅಳೆಯುವುದೂ ಸಕ್ಕರೆಯನ್ನೇ. ಇದನ್ನು ಮೊದಲ ವಾರವೇ ತಲೆಯಲ್ಲಿ ಇಟ್ಟುಕೊಳ್ಳದಿದ್ದರೆ ಗ್ರಾಫ್ ಚೆನ್ನಾಗಿ ಬರುತ್ತದೆ, ಅರ್ಥ ಮಾತ್ರ ತಪ್ಪಾಗಿರುತ್ತದೆ.

ಮೊದಲು ಬೀಜ. ಅಂಗಡಿಯ ರಾಗಿ ಮಾಲ್ಟ್ ಬೇಡ, ಅದನ್ನು ಹುರಿದಿರುತ್ತಾರೆ, ಕಿಣ್ವ ಸತ್ತಿರುತ್ತದೆ. ಬಿತ್ತನೆ ಬೀಜದ ಪೊಟ್ಟಣವೂ ಬೇಡ, ಅದಕ್ಕೆ ಶಿಲೀಂಧ್ರನಾಶಕ ಸವರಿರುತ್ತಾರೆ. ರೈತರಿಂದ ನೇರವಾಗಿ, ತಳಿಯ ಹೆಸರು ಗೊತ್ತಿರುವ, ಅದೇ ವರ್ಷದ ಕಾಳನ್ನು ತಂದುಕೊಳ್ಳಿ. ನಾವು ಬಳಸಿದ್ದು ಜಿಪಿಯು-28. ಒಂದು ಪ್ರಾಜೆಕ್ಟಿಗೆ ಅರ್ಧ ಕಿಲೋ ಧಾರಾಳ. ಎಲ್ಲವನ್ನೂ ಒಂದೇ ಸಲ ತಂದು, ಬೆರೆಸಿ, ಒಂದೇ ಡಬ್ಬಿಯಲ್ಲಿಡಿ. ನಡುವೆ ಕಾಳು ಬದಲಾದರೆ ಹಿಂದಿನ ಅಂಕಿಗಳಿಗೂ ಮುಂದಿನವಕ್ಕೂ ಹೋಲಿಕೆ ತಪ್ಪುತ್ತದೆ.

ಹತ್ತು ಹತ್ತು ಗ್ರಾಂ ತೂಗಿ ಐದು ಪಾಲು ಮಾಡಿ: 0, 1, 2, 3, 4 ದಿನದ ಮೊಳಕೆಗೆ. ಶೇ. 1ರಷ್ಟು ಕ್ಲೋರಿನ್ ಇರುವ ಹೈಪೋಕ್ಲೋರೈಟ್ ದ್ರಾವಣದಲ್ಲಿ 10 ನಿಮಿಷ ಅದ್ದಿ, ವಾಸನೆ ಹೋಗುವವರೆಗೆ ಐದಾರು ಸಲ ತೊಳೆಯಿರಿ. 12 ಗಂಟೆ ನೆನೆಸಿ, ನಡುವೆ ಒಮ್ಮೆ ನೀರು ಬದಲಿಸಿ. ಆಮೇಲೆ ಒದ್ದೆ ಮಲ್ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ 25ರಿಂದ 28 ಡಿಗ್ರಿಯಲ್ಲಿಡಿ. ಬಿಗಿಯಾಗಿ ಕಟ್ಟಿದರೆ ಒಳಗಿನ ಕಾಳಿಗೆ ಗಾಳಿ ಸಾಲದೆ ಹುಳಿವಾಸನೆ ಬರುತ್ತದೆ. ನಾಲ್ಕು ದಿನದ ಗಂಟನ್ನು ಮೊದಲು ಶುರುಮಾಡಿ, ಒಂದು ದಿನದ್ದನ್ನು ಕೊನೆಗೆ. ಆಗ ಐದೂ ಒಂದೇ ಬೆಳಿಗ್ಗೆ ಸಿದ್ಧವಾಗುತ್ತವೆ, ಸಕ್ಕರೆ ಅಳೆಯುವ ಡಿಎನ್‌ಎಸ್ ರೀಏಜೆಂಟಿನ ಒಂದೇ ಸೀಸೆ, ಹೋಲಿಕೆಗೆ ಗೊತ್ತಿರುವ ಪ್ರಮಾಣದ ಸಕ್ಕರೆಯ ಒಂದೇ ಸ್ಟ್ಯಾಂಡರ್ಡ್ ಸಾಕು. ಅರೆಯುವಾಗ ಇಡೀ ಗಂಟನ್ನು ಅರೆಯಿರಿ. ಮೊಳಕೆ ನೀರು ಕುಡಿದು ಭಾರವಾಗಿರುವುದರಿಂದ ಒದ್ದೆ ತೂಕದ ಲೆಕ್ಕ ದಿನಕ್ಕೊಂದು ಥರ ಬರುತ್ತದೆ. ಮೂಲ 10 ಗ್ರಾಂ ಒಣ ಕಾಳಿನ ಲೆಕ್ಕ ಬದಲಾಗುವುದಿಲ್ಲ.

ಎರಡನೇ ದಿನ ಬಟ್ಟೆ ಬಿಚ್ಚಿದಾಗ ಬಿಳಿ ಹತ್ತಿಯಂಥದ್ದು ಕಾಣುತ್ತದೆ. ಬೂಷ್ಟು ಬಂತೆಂದು ವಿದ್ಯಾರ್ಥಿಗಳು ಒಳ್ಳೆಯ ಮೊಳಕೆಯನ್ನೇ ಚೆಲ್ಲಿಬಿಡುತ್ತಾರೆ. ಕೈಮಸೂರ ಹಿಡಿದು ನೋಡಿ. ಬೇರುರೋಮವಾದರೆ ಪ್ರತಿ ಬೇರಿನ ಸುತ್ತಲೂ ಸಮನಾಗಿ, ಸಣ್ಣ ಬ್ರಷ್ಷಿನಂತೆ ನಿಂತಿರುತ್ತದೆ, ನೀರು ಚಿಮುಕಿಸಿದರೆ ಬೇರಿಗೆ ಅಂಟಿಕೊಳ್ಳುತ್ತದೆ. ಬೂಷ್ಟಾದರೆ ಎಳೆ ಒಂದು ಕಾಳಿನಿಂದ ಇನ್ನೊಂದಕ್ಕೆ ಹಾಯ್ದು ಕಾಳುಗಳನ್ನು ಹೆಣೆದಿರುತ್ತದೆ, ಮುಗ್ಗಲು ವಾಸನೆ ಇರುತ್ತದೆ. ಬೂಷ್ಟಿನದಾದರೆ ಆ ಗಂಟನ್ನು ಬಿಟ್ಟುಬಿಡಿ. ಆಸ್ಪರ್ಜಿಲ್ಲಸ್ ತನ್ನದೇ ಅಮೈಲೇಸನ್ನು ಹೊರಗೆ ಬಿಡುತ್ತದೆ. ಆಗ ಅಳೆದದ್ದು ರಾಗಿಯದೋ ಬೂಷ್ಟಿನದೋ ಹೇಳಲಾಗುವುದಿಲ್ಲ.

ಕಾಳು ಅರೆಯಲು ಬೇಕಾದ, ಪಿಎಚ್ ಬದಲಾಗದಂತೆ ಹಿಡಿದಿಡುವ ಬಫರ್ 50 ಮಿಲಿಮೋಲಾರ್ ಅಸಿಟೇಟ್, ಪಿಎಚ್ 5.2. 0.1 ಮೋಲಾರ್ ಸೋಡಿಯಂ ಅಸಿಟೇಟ್ 73 ಮಿ.ಲೀ., 0.1 ಮೋಲಾರ್ ಅಸಿಟಿಕ್ ಆಮ್ಲ 27 ಮಿ.ಲೀ. ಬೆರೆಸಿ 200 ಮಿ.ಲೀ.ಗೆ ಏರಿಸಿದರೆ ಹತ್ತಿರಕ್ಕೆ ಬರುತ್ತದೆ, ಮೀಟರಿನಲ್ಲಿ ಸರಿಪಡಿಸಿ. ಇದಕ್ಕೆ 59 ಮಿ.ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ ಹಾಕಿದರೆ 2 ಮಿಲಿಮೋಲಾರ್ ಆಗುತ್ತದೆ. ಆಲ್ಫಾ ಅಮೈಲೇಸ್‌ನ ಮೈಕಟ್ಟನ್ನು ಹಿಡಿದಿಡುವುದು ಕ್ಯಾಲ್ಸಿಯಂ. ಫಾಸ್ಫೇಟ್ ಬಫರ್ ಬಳಸಬೇಡಿ, ಕ್ಯಾಲ್ಸಿಯಂ ಫಾಸ್ಫೇಟ್ ಆಗಿ ಅದು ಕೆಳಗೆ ಕೂರುತ್ತದೆ. ಹಂದಿಯ ಮೇದೋಜೀರಕದ ಅಮೈಲೇಸ್‌ಗೆಂದು ಬರೆದ, ಪಿಎಚ್ 6.9ರ ಫಾಸ್ಫೇಟ್ ವಿಧಾನವನ್ನೇ ರಾಗಿಗೂ ಹಾಗೇ ಇಳಿಸುವುದು ನಾನು ಹೆಚ್ಚಾಗಿ ಕಂಡ ತಪ್ಪು.

ಗಂಟನ್ನು ಐಸಿನ ಮೇಲಿಟ್ಟ ಕಲ್ವದಲ್ಲಿ, 50 ಮಿ.ಲೀ. ತಣ್ಣನೆಯ ಬಫರ್ ಮತ್ತು ಅರ್ಧ ಗ್ರಾಂ ಪಿವಿಪಿಪಿ (ನೀರಿನಲ್ಲಿ ಕರಗದ ಒಂದು ಪಾಲಿಮರ್ ಪುಡಿ) ಜೊತೆ ಅರೆಯಿರಿ. ರಾಗಿಯ ಕೆಂಪು ಸಿಪ್ಪೆಯಲ್ಲಿ ಫೀನಾಲಿಕ್‌ಗಳು ಬಹಳ, ಅವು ಪ್ರೋಟೀನನ್ನು ಹಿಡಿದುಕೊಳ್ಳುತ್ತವೆ. ಪಿವಿಪಿಪಿ ಅವನ್ನು ಹೀರಿಕೊಂಡು ಗಷ್ಟಿನ ಜೊತೆ ಹೋಗುತ್ತದೆ. ಒಂದು ಗಂಟೆ 4 ಡಿಗ್ರಿಯಲ್ಲಿ ಕಲಕಿ, ಬಟ್ಟೆಯಲ್ಲಿ ಹಿಂಡಿ, 10,000 ಜಿಯಲ್ಲಿ (ಗುರುತ್ವದ 10,000 ಪಟ್ಟು) 15 ನಿಮಿಷ ಸೆಂಟ್ರಿಫ್ಯೂಜ್ ಮಾಡಿ. ವರದಿಯಲ್ಲಿ ಆರ್‌ಪಿಎಂ ಬರೆದು ಬಿಡಬೇಡಿ. 10 ಸೆಂ.ಮೀ. ತ್ರಿಜ್ಯದ ರೋಟರ್ 4,000 ಆರ್‌ಪಿಎಂನಲ್ಲಿ ಕೊಡುವುದು ಸುಮಾರು 1,790 ಜಿ ಮಾತ್ರ. ನಿಮ್ಮಲ್ಲಿ ಅದೇ ಇದ್ದರೆ ಅರ್ಧ ಗಂಟೆ ತಿರುಗಿಸಿ, ಮೇಲಿನ ತಿಳಿಯನ್ನು ಇನ್ನೊಮ್ಮೆ ತಿರುಗಿಸಿ. ಮಬ್ಬಾಗಿ ಉಳಿದ ಪಿಷ್ಟದ ಕಣಗಳನ್ನು ಕಿಣ್ವ ರಾತ್ರಿಯಿಡೀ ತಿನ್ನುತ್ತದೆ, ಬೆಳಿಗ್ಗೆಗೆ ಸಕ್ಕರೆ ಇನ್ನಷ್ಟು ಏರಿರುತ್ತದೆ.

ಇನ್ನು ಡಿಎನ್‌ಎಸ್. 1 ಗ್ರಾಂ ಡೈನೈಟ್ರೋಸ್ಯಾಲಿಸಿಲಿಕ್ ಆಮ್ಲವನ್ನು 20 ಮಿ.ಲೀ. 2 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ಮತ್ತು 50 ಮಿ.ಲೀ. ನೀರಿನಲ್ಲಿ ಕರಗಿಸಿ, 30 ಗ್ರಾಂ ಸೋಡಿಯಂ ಪೊಟ್ಯಾಸಿಯಂ ಟಾರ್ಟರೇಟನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ, 100 ಮಿ.ಲೀ.ಗೆ ಏರಿಸಿ, ಕಂದು ಸೀಸೆಯಲ್ಲಿ ಬಿಗಿಯಾಗಿ ಮುಚ್ಚಿಡಿ. ಈ ರೀಏಜೆಂಟನ್ನು 1921ರಲ್ಲಿ ಮೂತ್ರದ ಸಕ್ಕರೆ ಅಳೆಯಲು ಬಳಕೆಗೆ ತಂದವರು ಜೇಮ್ಸ್ ಸಮ್ನರ್. ಐದು ವರ್ಷದ ಬಳಿಕ ಯೂರಿಯೇಸನ್ನು ಹರಳುಗಟ್ಟಿಸಿ ಕಿಣ್ವವೂ ಪ್ರೋಟೀನೇ ಎಂದು ತೋರಿಸಿದವರೂ ಅವರೇ. ಒಂದೇ ಕೈಯಿಂದ ಬಂದ ಎರಡು ಕೆಲಸಗಳು ನಮ್ಮ ಒಂದೇ ಪ್ರಾಜೆಕ್ಟಿನಲ್ಲಿ ಸೇರುತ್ತವೆ ಎಂಬುದನ್ನು ನಾನು ವಿದ್ಯಾರ್ಥಿಗಳಿಗೆ ಹೇಳದೆ ಬಿಡುವುದಿಲ್ಲ.

ಸ್ಟ್ಯಾಂಡರ್ಡ್‌ಗೆ 180 ಮಿ.ಗ್ರಾಂ ಮಾಲ್ಟೋಸ್ ಮೊನೊಹೈಡ್ರೇಟ್ ತೂಗಿ 100 ಮಿ.ಲೀ. ಮಾಡಿ, ಒಂದು ಮಿ.ಲೀ.ಯಲ್ಲಿ 5 ಮೈಕ್ರೋಮೋಲ್. ಇದರಿಂದ 0.5ರಿಂದ 5 ಮೈಕ್ರೋಮೋಲ್‌ವರೆಗಿನ ಟ್ಯೂಬ್‌ಗಳು, ಪ್ರತಿಯೊಂದೂ ಒಟ್ಟು 1 ಮಿ.ಲೀ. ಡಿಎನ್‌ಎಸ್ 1 ಮಿ.ಲೀ. ಹಾಕಿ, 5 ನಿಮಿಷ ಕುದಿಯುವ ನೀರಿನಲ್ಲಿಟ್ಟು, ತಣಿಸಿ, 10 ಮಿ.ಲೀ. ನೀರು ಸೇರಿಸಿ 540 ನ್ಯಾನೋಮೀಟರ್‌ನಲ್ಲಿ ಓದಿ. ಗೆರೆ ಸೊನ್ನೆಯಿಂದ ಹೊರಡದೆ ಬಲಕ್ಕೆ ಸ್ವಲ್ಪ ಸರಿದಿರುತ್ತದೆ, ಕರಗಿದ ಆಮ್ಲಜನಕ ಮೊದಲ ಚೂರು ಸಕ್ಕರೆಯ ಕೆಲಸವನ್ನು ನುಂಗುತ್ತದೆ. ಅದನ್ನು ಎಳೆದು ಸೊನ್ನೆಗೆ ಸೇರಿಸಬೇಡಿ. ಸ್ಟ್ಯಾಂಡರ್ಡ್ ಮತ್ತು ಸ್ಯಾಂಪಲ್ ಒಂದೇ ಬಾತಿನಲ್ಲಿ ಒಟ್ಟಿಗೆ ಕುದಿಯಬೇಕು. ಬೆಂಗಳೂರಿನ ಎತ್ತರದಲ್ಲಿ ನೀರು ಕುದಿಯುವುದು ಸುಮಾರು 97 ಡಿಗ್ರಿಗೆ, ಮಂಗಳೂರಿನಲ್ಲಿ 100ಕ್ಕೆ. ಬಣ್ಣ ಕಾವಿನ ಮೇಲೆ ನಿಂತಿರುವುದರಿಂದ ಬೇರೆಯವರ ಸ್ಟ್ಯಾಂಡರ್ಡ್ ಗೆರೆಯನ್ನು ಎರವಲು ತರಲಾಗದು.

ಕಿಣ್ವದ ಚಟುವಟಿಕೆ ಅಳೆಯುವ ಅಸ್ಸೇ ಹೀಗೆ: ಶೇ. 1ರ ಪಿಷ್ಟ ಅರ್ಧ ಮಿ.ಲೀ. 37 ಡಿಗ್ರಿಯಲ್ಲಿ 5 ನಿಮಿಷ ಬೆಚ್ಚಗಾಗಲಿ, ಕಿಣ್ವ ಅರ್ಧ ಮಿ.ಲೀ. ಹಾಕಿ, 3 ನಿಮಿಷಕ್ಕೆ ಡಿಎನ್‌ಎಸ್ ಹಾಕಿ ನಿಲ್ಲಿಸಿ. ಟ್ಯೂಬ್‌ಗಳ ನಡುವೆ 30 ಸೆಕೆಂಡು ಬಿಡಿ. ಪಿಷ್ಟವನ್ನು ತಣ್ಣನೆಯ ಬಫರಿನಲ್ಲಿ ಕದಡಿ, ಕುದಿಯುವ ಬಫರಿಗೆ ಸುರಿದು, ತಿಳಿಯಾಗುವವರೆಗೆ ಕಾಯಿಸಬೇಕು, ದಿನದಿನ ಹೊಸದಾಗಿ ಮಾಡಬೇಕು. ಫ್ರಿಜ್ಜಿನಲ್ಲಿಟ್ಟ ಪಿಷ್ಟ ಗರಣೆಗಟ್ಟುತ್ತದೆ, ಕಿಣ್ವಕ್ಕೆ ಸುಲಭವಾಗಿ ಸಿಗುವುದಿಲ್ಲ.

ಈಗ ಆ ಗುಂಡಿಯ ಮಾತು. ಬರೀ ನೀರು ಮತ್ತು ಡಿಎನ್‌ಎಸ್ ಇಟ್ಟ ಬ್ಲ್ಯಾಂಕ್ ಸಾಲದು. ಪ್ರತಿ ಸ್ಯಾಂಪಲ್‌ಗೂ ಅದರದೇ ಸೊನ್ನೆ ನಿಮಿಷದ ಟ್ಯೂಬ್ ಇರಬೇಕು: ಮೊದಲು ಕಿಣ್ವ, ಅದರ ಮೇಲೆ ಡಿಎನ್‌ಎಸ್, ಕೊನೆಗೆ ಪಿಷ್ಟ. ಡಿಎನ್‌ಎಸ್‌ನ ಕ್ಷಾರ ಕಿಣ್ವವನ್ನು ತಕ್ಷಣ ನಿಲ್ಲಿಸುತ್ತದೆ, ಆದ್ದರಿಂದ ಅಲ್ಲಿ ಬರುವ ಬಣ್ಣವೆಲ್ಲ ಕಾಳಿನಲ್ಲಿ ಮೊದಲೇ ಇದ್ದ ಸಕ್ಕರೆಯದು, ಪಿಷ್ಟದ್ದು, ಸಿಪ್ಪೆಯ ಬಣ್ಣದ್ದು. ಇದನ್ನು ಕಳೆದ ಮೇಲೆ ಉಳಿದದ್ದು ಕಿಣ್ವದ ಕೆಲಸ. ಮೊಳಕೆಯ ದಿನ ಏರಿದಂತೆ ಕಿಣ್ವವೂ ಏರುತ್ತದೆ, ಸಕ್ಕರೆಯೂ ಏರುತ್ತದೆ. ಹಾಗಾಗಿ ಈ ಟ್ಯೂಬ್ ಇಡದಿದ್ದರೂ ಗ್ರಾಫ್ ಏರುಮುಖವಾಗಿಯೇ ಬರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಅಪಾಯ ಇರುವುದು ಅಲ್ಲೇ. ಸೊನ್ನೆ ನಿಮಿಷದ ಟ್ಯೂಬ್ ಸ್ಯಾಂಪಲ್‌ನಷ್ಟೇ ಗಾಢವಾಗಿದ್ದರೆ ಇನ್ನೂ ತೆಳು ಮಾಡಿ.

ಎಷ್ಟು ತೆಳು? 1:10, 1:20, 1:50, 1:100 ಮಾಡಿ, ಪ್ರತಿಯೊಂದನ್ನೂ 0, 1, 2, 3, 5, 10 ನಿಮಿಷಕ್ಕೆ ನಿಲ್ಲಿಸಿ ಗೆರೆ ಎಳೆಯಿರಿ. ಎರಡು ಪಟ್ಟು ತೆಳುವಾದದ್ದು ಅರ್ಧ ಬಣ್ಣ ಕೊಡಬೇಕು, ಮೂರು ನಿಮಿಷದ್ದು ಒಂದು ನಿಮಿಷದ್ದರ ಮೂರು ಪಟ್ಟಿರಬೇಕು. ಗೆರೆ ಬಾಗಿದ ಜಾಗದಲ್ಲಿ ಅಳೆದರೆ ಎರಡನೇ ದಿನದ ಕಾಳೂ ಮೂರನೇ ದಿನದ್ದೂ ಒಂದೇ ಎಂದು ಕಾಣುತ್ತದೆ. ಈ ಕೆಲಸಕ್ಕೆ ಪೂರ್ತಿ ಒಂದು ವಾರ ಹಿಡಿಯುತ್ತದೆ, ಹಿಡಿಯಲಿ.

ಲೆಕ್ಕದ ಬಗೆ ತೋರಿಸಲು ಒಂದು ಉದಾಹರಣೆ: ಸೊನ್ನೆ ನಿಮಿಷ ಕಳೆದ ಓದು 0.24, ಸ್ಟ್ಯಾಂಡರ್ಡ್‌ನ ಇಳಿಜಾರು ಮೈಕ್ರೋಮೋಲಿಗೆ 0.12 ಎಂದಿಟ್ಟುಕೊಳ್ಳಿ. ಆಗ 2 ಮೈಕ್ರೋಮೋಲ್ ಮಾಲ್ಟೋಸ್. ಅದನ್ನು 3 ನಿಮಿಷ ಮತ್ತು 0.5 ಮಿ.ಲೀ.ಯಿಂದ ಭಾಗಿಸಿ, 50 ಪಟ್ಟು ತೆಳುವಾದದ್ದಕ್ಕೆ 50ರಿಂದ ಗುಣಿಸಿದರೆ ಮಿ.ಲೀ.ಗೆ 66.7 ಯೂನಿಟ್ (ನಿಮಿಷಕ್ಕೆ ಒಂದು ಮೈಕ್ರೋಮೋಲ್ ಮಾಲ್ಟೋಸ್ ಒಂದು ಯೂನಿಟ್). ಪ್ರೋಟೀನ್ ಮಿ.ಲೀ.ಗೆ 5 ಮಿ.ಗ್ರಾಂ ಇದ್ದರೆ ಮಿ.ಗ್ರಾಂಗೆ 13.3. ಇಲ್ಲಿ ಇಳಿಜಾರನ್ನು ಬಳಸಬೇಕು, ಗೆರೆಯ ಅಡ್ಡ ಛೇದವನ್ನಲ್ಲ. ಎರಡು ಓದುಗಳ ವ್ಯತ್ಯಾಸದಲ್ಲಿ ಅದು ತಾನೇ ಕಳೆದುಹೋಗಿರುತ್ತದೆ.

ಮೊಳಕೆಯಲ್ಲಿ ಪಿಷ್ಟದ ಸರಪಳಿಯನ್ನು ನಡುನಡುವೆ ಕತ್ತರಿಸುವ ಆಲ್ಫಾ ಅಮೈಲೇಸ್ ಜೊತೆಗೆ ತುದಿಯಿಂದ ಕತ್ತರಿಸುವ ಬೀಟಾ ಅಮೈಲೇಸ್ ಕೂಡ ಇದೆ. ಆಲ್ಫಾ ಮಾತ್ರ ಬೇಕಿದ್ದರೆ ಕ್ಯಾಲ್ಸಿಯಂ ಇರುವ ಸಾರವನ್ನು 70 ಡಿಗ್ರಿಯಲ್ಲಿ 15 ನಿಮಿಷ ಇಟ್ಟು, ಐಸಿಗೆ ಹಾಕಿ, ಒಡೆದ ಪ್ರೋಟೀನನ್ನು ಸೆಂಟ್ರಿಫ್ಯೂಜ್‌ನಲ್ಲಿ ಇಳಿಸಿ. ಬೀಟಾ ಸಾಯುತ್ತದೆ, ಆಲ್ಫಾ ಬಹುಪಾಲು ಉಳಿಯುತ್ತದೆ.

ಕಿಣ್ವವನ್ನು ಶುದ್ಧಗೊಳಿಸಲು ಉಪ್ಪು ಹಾಕಿ ಪ್ರೋಟೀನನ್ನು ಕೆಳಗೆ ಕೂರಿಸುವ ಅಮೋನಿಯಂ ಸಲ್ಫೇಟ್ ಹಂತದಲ್ಲಿ 0 ಡಿಗ್ರಿಯ ಪಟ್ಟಿಯನ್ನೇ ನೋಡಿ: ಶೇ. 60 ಸಂತೃಪ್ತತೆಗೆ 100 ಮಿ.ಲೀ.ಗೆ 36.1 ಗ್ರಾಂ. 25 ಡಿಗ್ರಿಯ ಪಟ್ಟಿಯಲ್ಲಿ ಅದು 39.0. ಉಪ್ಪನ್ನು ಅರೆದು ಪುಡಿಮಾಡಿ, ಚಿಟಿಕೆ ಚಿಟಿಕೆಯಾಗಿ, ನೊರೆ ಬರದಂತೆ ಕಲಕುತ್ತಾ ಹಾಕಿ. ಕೆಳಗೆ ಕೂತ ಬಿಳಿಯದೆಲ್ಲ ಪ್ರೋಟೀನಲ್ಲ, ಕ್ಯಾಲ್ಸಿಯಂ ಸಲ್ಫೇಟೂ ಬರುತ್ತದೆ. ಡಯಾಲಿಸಿಸ್ (ಪ್ರೋಟೀನನ್ನು ಒಳಗೇ ಉಳಿಸಿ ಉಪ್ಪಿನಂಥ ಸಣ್ಣ ಅಣುಗಳನ್ನು ಹೊರಗೆ ಬಿಡುವ ಕೊಳವೆಯಲ್ಲಿ ತೊಳೆಯುವುದು) ಆದ ಮೇಲೆ ಇನ್ನೊಮ್ಮೆ ತಿರುಗಿಸಿ ಕರಗದ್ದನ್ನು ಬಿಡಿ.

ಡಯಾಲಿಸಿಸ್ ಕೊಳವೆಯನ್ನು ಶೇ. 2ರ ಸೋಡಿಯಂ ಬೈಕಾರ್ಬೊನೇಟ್ ಮತ್ತು ಲೋಹದ ಅಯಾನುಗಳನ್ನು ಹಿಡಿಯುವ ಇಡಿಟಿಎಯಲ್ಲಿ ಕುದಿಸುವುದು ರೂಢಿ. ಆಮೇಲೆ ನೀರಿನಲ್ಲಿ ಇನ್ನೆರಡು ಸಲ ಕುದಿಸಿ ತೊಳೆಯದಿದ್ದರೆ ಉಳಿದ ಇಡಿಟಿಎ ಕಿಣ್ವದ ಕ್ಯಾಲ್ಸಿಯಂ ಕಿತ್ತುಕೊಳ್ಳುತ್ತದೆ, ಚಟುವಟಿಕೆ ಯಾಕೆ ಬಿತ್ತೆಂದು ಹುಡುಕುತ್ತಾ ಎರಡು ವಾರ ಹೋಗುತ್ತದೆ. ಕೊಳವೆಯನ್ನು ಅರ್ಧ ಮಾತ್ರ ತುಂಬಿ. ಉಪ್ಪು ನೀರೆಳೆದು ಅದು ಉಬ್ಬುತ್ತದೆ. ನೂರು ಪಟ್ಟು ಬಫರ್, ಮೂರು ಬದಲಾವಣೆ, ಕೊನೆಯದು ರಾತ್ರಿಯಿಡೀ. ಹೊರಗಿನ ಬಫರಿಗೆ ಒಂದು ಹನಿ ಬೇರಿಯಂ ಕ್ಲೋರೈಡ್ ಹಾಕಿದಾಗ ಬೆಳ್ಳಗಾಗದಿದ್ದರೆ ಸಲ್ಫೇಟ್ ಹೋಗಿದೆ, ಅದರೊಂದಿಗೆ ಕಾಳಿನ ಸಕ್ಕರೆಯೂ. ಡಯಾಲಿಸಿಸ್ ಬಳಿಕ ಸೊನ್ನೆ ನಿಮಿಷದ ಟ್ಯೂಬ್ ಎಷ್ಟು ತಿಳಿಯಾಯಿತೆಂದು ಹಳೆಯದರ ಪಕ್ಕ ಹಿಡಿದು ನೋಡಿ. ಮೊದಲ ದಿನದಿಂದ ಎಷ್ಟನ್ನು ಕಳೆಯುತ್ತಿದ್ದೆವು ಎಂಬುದು ಕಣ್ಣಿಗೇ ಕಾಣುತ್ತದೆ.

ಪ್ರೋಟೀನ್ ಅಳೆಯಲು ಲೌರಿ ವಿಧಾನ ಬೇಡ, ಅಮೋನಿಯಂ ಸಲ್ಫೇಟ್ ಮತ್ತು ಫೀನಾಲಿಕ್ ಎರಡೂ ಅದನ್ನು ಕೆಡಿಸುತ್ತವೆ. ಕೂಮಾಸಿ ಬಣ್ಣದಿಂದ ಅಳೆಯುವ ಬ್ರಾಡ್‌ಫೋರ್ಡ್ ವಿಧಾನ ಮಾಡಿ. ಬಣ್ಣ ಜಿ-250 ಆಗಿರಬೇಕು. ಜೆಲ್‌ಗೆ ತಂದಿಟ್ಟ ಆರ್-250 ಇದಕ್ಕೆ ಬಾರದು.

ಒಂದೇ ಸಾರದಿಂದ ಮೂರು ಟ್ಯೂಬ್ ಓದಿ ಸರಾಸರಿ ತೆಗೆದರೆ ಅದು ನಿಮ್ಮ ಪೈಪೆಟಿಂಗ್ ಎಷ್ಟು ಚೆನ್ನಾಗಿದೆ ಎಂಬುದನ್ನು ಹೇಳುತ್ತದೆ, ರಾಗಿಯ ಬಗ್ಗೆ ಅಲ್ಲ. ಮೂರು ಬೇರೆ ಬೇರೆ ವಾರ, ಮೂರು ಸಲ ಮೊಳಕೆ ಕಟ್ಟಿ, ಮೂರು ಸಾರ ತೆಗೆದರೆ ಅದು ಮೂರು ಪ್ರಯೋಗ. ದೋಷದ ಗೀಟು ಆಗ ಉದ್ದವಾಗುತ್ತದೆ, ವಿದ್ಯಾರ್ಥಿಗಳು ಅದಕ್ಕೆ ಹೆದರುತ್ತಾರೆ. ಹೆದರಬೇಕಿಲ್ಲ, ಉದ್ದ ಗೀಟೇ ನಿಜ.

ಶುದ್ಧೀಕರಣದ ಪಟ್ಟಿಯಲ್ಲಿ ಇಳುವರಿ ಶೇ. 100 ದಾಟಿದರೆ ಮೊದಲು ಕಚ್ಚಾ ಸಾರವನ್ನು ಬಾಗಿದ ಗೆರೆಯಲ್ಲಿ ಅಳೆದಿರೇ ಎಂದು ನೋಡಿ. ಮೇದೋಜೀರಕದ ಅಮೈಲೇಸನ್ನು ಹೋಲಿಕೆಗೆ ಇಟ್ಟವರು ಅದನ್ನು ರಾಗಿ ಸಾರಕ್ಕೆ ಬೆರೆಸಿ ನೋಡಬೇಡಿ. ಟ್ರಿಪ್ಸಿನ್ ಮತ್ತು ಪ್ರಾಣಿಗಳ ಆಲ್ಫಾ ಅಮೈಲೇಸ್ ಎರಡನ್ನೂ ತಡೆಯುವ 122 ಅಮೈನೋ ಆಮ್ಲದ ಪ್ರೋಟೀನ್ ರಾಗಿಯಲ್ಲೇ ಇದೆ. ಮುಂದಿನ ತಂಡಕ್ಕೆ ಅದೇ ಒಳ್ಳೆಯ ವಿಷಯವಾಗಬಲ್ಲದು.

ಕಿಣ್ವ ಸತ್ತಿರುವ ಹೋಲಿಕೆ ಟ್ಯೂಬ್, ಅಂದರೆ ಕುದಿಸಿದ ಕಿಣ್ವದ ಕಂಟ್ರೋಲ್ ಇಡುವಾಗ 70 ಡಿಗ್ರಿ ಸಾಲದು, ಮೇಲೆ ಹೇಳಿದಂತೆ ಆಲ್ಫಾ ಅದನ್ನು ತಾಳುತ್ತದೆ. ಕುದಿಯುವ ಬಾತಿನಲ್ಲಿ 15 ನಿಮಿಷ ಇಟ್ಟು, ತಣಿದ ಮೇಲೆ ಒಂದು ಹನಿಯನ್ನು ಪಿಷ್ಟಕ್ಕೆ ಬೆರೆಸಿ, ಹತ್ತು ನಿಮಿಷದ ಬಳಿಕ ಅಯೋಡಿನ್ ಹಾಕಿ. ನೀಲಿ ಹಾಗೇ ನಿಂತರೆ ಆ ಟ್ಯೂಬನ್ನು ಕಂಟ್ರೋಲ್ ಎಂದು ಬರೆದುಕೊಳ್ಳಬಹುದು.