ವಕೀಲರ ಬಳಿ ಹೋಗಬೇಕಾ? ಮೊದಲು ತಾರೀಖು ನೋಡಿ

ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ಸಣ್ಣ ಕೇಟರಿಂಗ್ ನಡೆಸುವ ನನ್ನ ಭಾವನಿಗೆ ಒಂದು ಮದುವೆ ಪಾರ್ಟಿ ಕೊಟ್ಟ ಚೆಕ್ ಬೌನ್ಸ್ ಆಯಿತು. ಚೆಕ್ಕಿಗೆ ಪಿನ್ ಹೊಡೆದು ಬ್ಯಾಂಕಿನವರು ಕೊಟ್ಟ ಚೀಟಿಯನ್ನು ಭಾವ ಗಲ್ಲಾಪೆಟ್ಟಿಗೆಯಲ್ಲಿ ಚಿಲ್ಲರೆ ಕೆಳಗೆ ಇಟ್ಟುಬಿಟ್ಟ. ಫೋನ್ ಮಾಡಿದಾಗೆಲ್ಲ 'ದೋ ದಿನ್ ಮೇ ದೇತಾ ಹೂಂ' ಅಂತ ಒಂದೇ ಉತ್ತರ. ಹಾಗೇ 26 ದಿನ ಹೋಯಿತು. ಇನ್ನು ನಾಲ್ಕೇ ದಿನ ಇದೆ ಅಂತ ಎಚ್ಚರಿಸಿದ್ದು ಪಕ್ಕದ ಜೆರಾಕ್ಸ್ ಅಂಗಡಿಯವರು!

ಚೆಕ್ ವಾಪಸಾದ ವಿಷಯ ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ದುಡ್ಡು ಕೇಳಿ ನೋಟಿಸ್ ಕಳಿಸಬೇಕು. ಅದು ಕೈಸೇರಿದ ಮೇಲೆ ಅವರಿಗೆ 15 ದಿನ ಸಮಯ. ಆಗಲೂ ಕೊಡದಿದ್ದರೆ, ಅಲ್ಲಿಂದ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ದೂರು. ನೋಟಿಸ್ ನೀವೇ ಬರೆಯಬಹುದು. ಆದರೆ ಅದರಲ್ಲಿ ಚೆಕ್ಕಿನ ಮೊತ್ತ ತಪ್ಪಿದರೆ ಕೇಸೇ ಬೀಳಬಹುದು. ಇಲ್ಲಿ ವಕೀಲರ ಫೀಸ್ ಉಳಿಸಲು ಹೋಗಬೇಡಿ. 30 ದಿನ ದಾಟಿಹೋಗಿದೆಯಾ? ಚೆಕ್ಕಿನ 3 ತಿಂಗಳ ಅವಧಿ ಉಳಿದಿದ್ದರೆ ಮತ್ತೆ ಬ್ಯಾಂಕಿಗೆ ಹಾಕಿ. ಮತ್ತೆ ಬೌನ್ಸ್ ಆದರೆ ಲೆಕ್ಕ ಹೊಸದಾಗಿ ಶುರು.

ಹಾಗಾಗಿ ಮೊದಲ ಕೆಲಸ, ಕಾಗದಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ ಮೇಲೆ ಕೊನೆಯ ತಾರೀಖು ಬರೆಯುವುದು. ಕೈಸಾಲ ಕೊಟ್ಟ ದುಡ್ಡಿಗೆ ಕೇಸ್ ಹಾಕಲು ಸಾಮಾನ್ಯವಾಗಿ 3 ವರ್ಷ, ಗ್ರಾಹಕ ದೂರಿಗೆ 2 ವರ್ಷ.

ಆಮೇಲೆ ಕೇಳಿಕೊಳ್ಳಿ: ಇದು ವಕೀಲರಿಲ್ಲದೆ ಆಗುವ ಕೆಲಸವಾ? ಕೆಟ್ಟ ಫ್ರಿಜ್ಜಿಗೆ ಕಂಪನಿ ಸ್ಪಂದಿಸದಿದ್ದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ನೀವೇ ವಾದಿಸಬಹುದು. 5 ಲಕ್ಷದವರೆಗಿನ ಖರೀದಿಗೆ ಅಲ್ಲಿ ಶುಲ್ಕವೂ ಇಲ್ಲ. ಬಾಡಿಗೆ ಮನೆಯ ಲೀವ್ ಆ್ಯಂಡ್ ಲೈಸೆನ್ಸ್ ಕರಾರಿಗೂ ವಕೀಲರು ಬೇಡ. ಏಜೆಂಟ್ ಲ್ಯಾಪ್‌ಟಾಪ್, ಹೆಬ್ಬೆಟ್ಟಿನ ಮಷಿನ್ ಹಿಡಿದು ಮನೆಗೇ ಬರುತ್ತಾನೆ. ಬೆಂಗಳೂರಿನಿಂದ ಬಂದವರು '11 ತಿಂಗಳದ್ದಕ್ಕೆ ರಿಜಿಸ್ಟರ್ ಯಾಕೆ' ಅನ್ನುತ್ತಾರೆ. ಆ ಮಾತು ಇಲ್ಲಿ ನಡೆಯುವುದಿಲ್ಲ. ಮಹಾರಾಷ್ಟ್ರದ 1999ರ ಬಾಡಿಗೆ ಕಾಯ್ದೆ ಪ್ರಕಾರ ರಿಜಿಸ್ಟರ್ ಆಗಲೇಬೇಕು, ಮಾಡಿಸುವ ಹೊಣೆ ಮಾಲೀಕರದು. ಮಾಲೀಕರು ಡಿಪಾಸಿಟ್ ವಾಪಸ್ ಕೊಡಲಿಲ್ಲ ಅಂತ ಸಿಟ್ಟಿಗೆ ಅವಧಿ ಮುಗಿದ ಮೇಲೂ ಮನೆಯಲ್ಲೇ ಕೂರಬೇಡಿ. ಎರಡು ಪಟ್ಟು ಬಾಡಿಗೆ ನಿಮ್ಮ ತಲೆಗೆ ಬರಬಹುದು.

ತಡಮಾಡಬಾರದ ಸಂದರ್ಭಗಳೂ ಇವೆ. ಮನೆಯವರನ್ನು ಪೊಲೀಸರು ಬಂಧಿಸಿದರೆ ಅವತ್ತೇ ವಕೀಲರನ್ನು ಹಿಡಿಯಿರಿ. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸುತ್ತಾರೆ, ಅಷ್ಟರಲ್ಲಿ ನಿಮ್ಮವರೊಬ್ಬರು ಅಲ್ಲಿರಬೇಕು. ಕೋರ್ಟಿನಿಂದ ಮರಾಠಿಯಲ್ಲಿ ಸಮನ್ಸ್ ಬಂತಾ? ಓದಲು ಬರಲ್ಲ ಅಂತ ಫ್ರಿಜ್ ಮೇಲೆ ಇಡಬೇಡಿ. ನೀವು ಹೋಗದಿದ್ದರೂ ಕೇಸು ನಡೆಯುತ್ತದೆ.

ಮುಂಬೈ ಕನ್ನಡಿಗರು ಜಾಸ್ತಿ ಎಡವುವುದು ಊರಿನ ಆಸ್ತಿಯಲ್ಲಿ. ಹಬ್ಬಕ್ಕೆ ಹೋದಾಗ ಅಣ್ಣ 'ಸುಮ್ನೆ ಒಂದು ಸೈನ್ ಹಾಕು ತಂಗಿ' ಅಂತ ಸಬ್‌ ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋಗುತ್ತಾನೆ. ಆ ಕಾಗದ ನಿಮ್ಮ ಪಾಲನ್ನು ಬಿಟ್ಟುಕೊಡುವ ಹಕ್ಕು ಬಿಡುಗಡೆ ಪತ್ರ ಆಗಿರಬಹುದು. ಸೈನ್ ಹಾಕುವ ಮೊದಲು ಒಂದು ಪ್ರತಿ ಕೇಳಿ ತಗೊಂಡು ವಕೀಲರಿಗೆ ತೋರಿಸಿ. ಮುಂಬೈನ ಮಾಟುಂಗಾದ ವಕೀಲರಿಗಲ್ಲ, ಆ ಜಮೀನಿರುವ ತಾಲೂಕಿನವರಿಗೆ. ಜಮೀನಿನ ದಾವೆ ನಡೆಯುವುದು ಜಮೀನು ಇರುವ ಕಡೆಯ ಕೋರ್ಟಿನಲ್ಲಿ.

ದುಡ್ಡಿಲ್ಲ ಅಂತ ಸುಮ್ಮನಿರಬೇಡಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟಿದ್ದರೂ ಸರ್ಕಾರಿ ಕಾನೂನು ನೆರವು ಸಿಗುತ್ತದೆ. ಅದರ ಸಹಾಯವಾಣಿ 15100ಕ್ಕೆ ಫೋನ್ ಮಾಡಿ.

ಕೊನೆಗೆ ಫೀಸ್. ಒಟ್ಟು ಎಷ್ಟು, ಪ್ರತಿ ತಾರೀಖಿಗೆ ಎಷ್ಟು ಅಂತ ಮೊದಲೇ ಕೇಳಿ. 'ಗೆದ್ದರೆ ಇಷ್ಟು ಪರ್ಸೆಂಟ್ ಕೊಡಿ' ಅನ್ನುವವರಿಂದ ಎದ್ದು ಬನ್ನಿ, ವಕೀಲರ ನಿಯಮವೇ ಅದನ್ನು ಒಪ್ಪುವುದಿಲ್ಲ. ನಿಮ್ಮ ಪರ ವಾದಿಸಲು ವಕೀಲರಿಗೆ ಅಧಿಕಾರ ಕೊಡುವ ಕಾಗದ ವಕಾಲತ್ತು, ಅದು ಖಾಲಿ ಇದ್ದರೆ ಸೈನ್ ಬೇಡ. ಕೇಸ್ ದಾಖಲಾದ ಮೇಲೆ ಕೇಸನ್ನು ಗುರುತಿಸುವ 16 ಅಕ್ಷರ, ಅಂಕಿಗಳ ಸಿಎನ್‌ಆರ್ ನಂಬರ್ ಕೇಳಿ ತಗೊಳ್ಳಿ. ಇ-ಕೋರ್ಟ್ಸ್ ಆ್ಯಪಿನಲ್ಲಿ ಅದನ್ನು ಹಾಕಿದರೆ ಮುಂದಿನ ತಾರೀಖು ನಿಮ್ಮ ಮೊಬೈಲಿನಲ್ಲೇ ಕಾಣುತ್ತದೆ. ಭಾವ ಈಗ ಆ ನಂಬರನ್ನು ಗಲ್ಲಾಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿಕೊಂಡಿದ್ದಾನೆ.