ಹೊಡೆದಾಟವನ್ನು ಕಿವಿಗೆ ದಾಟಿಸಿದ್ದು

‘ಡೇರ್‌ಡೆವಿಲ್’ ಧಾರಾವಾಹಿಯ ನಾಯಕ ಮ್ಯಾಟ್ ಮರ್ಡಾಕ್‌ಗೆ ಕಣ್ಣು ಕಾಣುವುದಿಲ್ಲ. ಹಗಲಲ್ಲಿ ವಕೀಲ, ರಾತ್ರಿ ಮುಖದ ಮೇಲರ್ಧಕ್ಕೆ ಕಪ್ಪು ಬಟ್ಟೆ ಕಟ್ಟಿಕೊಂಡು ನ್ಯೂಯಾರ್ಕಿನ ಹೆಲ್ಸ್ ಕಿಚನ್ ಬಡಾವಣೆಯ ಪುಂಡರೊಡನೆ ಬಡಿದಾಡುವವನು. 2015ರ ಏಪ್ರಿಲ್ 10ರಂದು ನೆಟ್‌ಫ್ಲಿಕ್ಸ್ ಮೊದಲ ಸರಣಿಯ 13 ಕಂತುಗಳನ್ನೂ ಒಟ್ಟಿಗೆ ಬಿಡುಗಡೆ ಮಾಡಿದಾಗ, ನಾಯಕನಂತೆಯೇ ದೃಷ್ಟಿಯಿಲ್ಲದವರಿಗೆ ಅದನ್ನು ನೋಡುವ ದಾರಿಯೇ ಇರಲಿಲ್ಲ. ಅವರು ದನಿಯೆತ್ತಿದರು. ನಾಲ್ಕು ದಿನ ಕಳೆಯುವುದರೊಳಗೆ, ಪರದೆಯ ಮೇಲೆ ನಡೆಯುವುದನ್ನು ಸಂಭಾಷಣೆಗಳ ನಡುವೆ ಹೇಳುತ್ತ ಹೋಗುವ ಇಂಗ್ಲಿಷ್ ಧ್ವನಿವಿವರಣೆ ಸೇರಿತು. ಆ ಸಂಸ್ಥೆ ಇಂಥ ವಿವರಣೆ ಕೊಡಲು ಶುರುಮಾಡಿದ್ದೇ ಈ ಧಾರಾವಾಹಿಯಿಂದ.

ನನ್ನ ಅಕ್ಕನ ಮಗನಿಗೆ ಎಳವೆಯಲ್ಲೇ ದೃಷ್ಟಿ ಹೋಗಿದೆ. ಧಾರವಾಡದಲ್ಲಿ ಓದುತ್ತಾನೆ, ಮಳೆಗಾಲದ ರಜೆಗೆ ಕುಮಟಾದ ನಮ್ಮ ಮನೆಗೆ ಬರುತ್ತಾನೆ. ಇಂಗ್ಲಿಷ್ ಮಾತು ಅವನಿಗೆ ನನಗಿಂತ ಚೆನ್ನಾಗಿ ಅರ್ಥವಾಗುತ್ತದೆ. ಆದರೆ ಆ ವಿವರಣೆ ಅವನಿಗೆ ಹಿಡಿಸಲಿಲ್ಲ. ತಾನೆಂದೂ ಮುಟ್ಟಿ ನೋಡದ ವಸ್ತುಗಳ ಹೆಸರುಗಳನ್ನು ಪರಕೀಯ ದನಿಯೊಂದು ಪಟಪಟನೆ ಉದುರಿಸುತ್ತ ಹೋದರೆ ಮನಸ್ಸಿನಲ್ಲಿ ಏನೂ ಮೂಡುವುದಿಲ್ಲ ಎಂದ. ಹಾಗಾಗಿ ಎರಡನೇ ಕಂತು ‘ಕಟ್ ಮ್ಯಾನ್’ಗೆ ಕನ್ನಡದಲ್ಲಿ ನಾನೇ ವಿವರಣೆ ಸಿದ್ಧಪಡಿಸಿದೆ. ಸಂಭಾಷಣೆ ಇಂಗ್ಲಿಷಿನಲ್ಲೇ ಇರಲಿ, ಕಾಣುವುದು ಮಾತ್ರ ಕನ್ನಡದಲ್ಲಿ ಎಂದು ನಿಶ್ಚಯಿಸಿಕೊಂಡೆವು.

ನಾನು ಹವ್ಯಾಸಕ್ಕೆ ತಾಳಮದ್ದಲೆಯಲ್ಲಿ ಅರ್ಥ ಹೇಳುವವನು. ವೇಷವಿಲ್ಲದೆ, ಕುಣಿತವಿಲ್ಲದೆ, ಕುಳಿತಲ್ಲಿಂದಲೇ ಕುರುಕ್ಷೇತ್ರವನ್ನು ಕಟ್ಟುವ ಕಲೆ ಅದು. ಈ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ತರಬೇತಿ ಇಲ್ಲ ಎಂದು ಯಾರಿಗಾದರೂ ಅನ್ನಿಸಬಹುದು. ಅರ್ಧ ಸತ್ಯ ಅಷ್ಟೇ. ಕೇಳುಗನ ಮನಸ್ಸಿನಲ್ಲಿ ಚಿತ್ರ ಕಟ್ಟುವ ಧೈರ್ಯ ಅಲ್ಲಿಂದ ಬರುತ್ತದೆ, ನಿಜ. ಆದರೆ ಪೀಠಿಕೆಗೇ ಕಾಲು ಗಂಟೆ ತೆಗೆದುಕೊಳ್ಳುವ ನಾಲಿಗೆಗೆ ಇಲ್ಲಿ ಸಿಗುವುದು ಎರಡು ಮಾತುಗಳ ನಡುವಿನ ಮೂರು ಸೆಕೆಂಡು.

ಮೊದಲು ಪರದೆಗೆ ಬೆನ್ನುಹಾಕಿ ಕುಳಿತು ಇಡೀ ಕಂತನ್ನು ಬರೀ ಕೇಳಿದೆ. ಜಗುಲಿಯ ತಗಡಿನ ಮಾಡಿನ ಮೇಲೆ ಆಷಾಢದ ಮಳೆ ಸುರಿಯುವಾಗ ಇದು ಆಗುವ ಕೆಲಸವಲ್ಲ. ನಡುಮನೆಗೆ ಹೋಗಿ, ಬಾಗಿಲು ಹಾಕಿ, ಇಯರ್‌ಫೋನ್ ಸಿಕ್ಕಿಸಿಕೊಂಡೆ. ಎಲ್ಲಿ ಏನು ನಡೆಯುತ್ತಿದೆಯೆಂದು ತಿಳಿಯದೆ ತಬ್ಬಿಬ್ಬಾದೆನೋ ಅಲ್ಲಿ ನಿಲ್ಲಿಸಿ ಸಮಯವನ್ನು ನೋಟ್‌ಬುಕ್ಕಿನಲ್ಲಿ ಗುರುತುಹಾಕಿಕೊಂಡೆ. ವಿವರಣೆ ಬೇಕಾದದ್ದು ಅಲ್ಲಿ ಮಾತ್ರ. ಕಣ್ಣು ತೆರೆದು ನೋಡುತ್ತ ಬರೆಯಲು ಕುಳಿತಿದ್ದರೆ ಗೋಡೆಯ ಬಣ್ಣ, ಅಂಗಿಯ ಗುಂಡಿ ಎಲ್ಲವನ್ನೂ ಹೇಳುವ ಚಪಲ ತಡೆಯುವುದು ಕಷ್ಟವಿತ್ತು.

ಕಂತು ಶುರುವಾಗುವುದು ಕಸದ ತೊಟ್ಟಿಯಿಂದ. ಅಪಹರಣವಾದ ಹುಡುಗನನ್ನು ಬಿಡಿಸಲು ಹೋಗಿ ಬಲೆಗೆ ಬಿದ್ದ ಮ್ಯಾಟ್ ಚೆನ್ನಾಗಿ ಪೆಟ್ಟು ತಿಂದು ತೊಟ್ಟಿಯಲ್ಲಿ ಬಿದ್ದಿದ್ದಾನೆ. ಕ್ಲೇರ್ ಎಂಬ ನರ್ಸ್ ಅವನನ್ನು ತನ್ನ ಮನೆಗೆ ತಂದು ಆರೈಕೆ ಮಾಡುತ್ತಾಳೆ. ನಮ್ಮ ಕಡೆಯ ಕಸದ ಡಬ್ಬಿಯಲ್ಲಿ ಬೆಕ್ಕು ಹಿಡಿಸಬಹುದೇ ಹೊರತು ಮನುಷ್ಯನಲ್ಲ. ಆದ್ದರಿಂದ ‘ಆಳೆತ್ತರದ ಕಬ್ಬಿಣದ ತೊಟ್ಟಿ, ಒಳಗೆ ಕಸದ ಚೀಲಗಳ ಮೇಲೆ ಮ್ಯಾಟ್’ ಎಂದು ಬರೆದೆ. ಅಳತೆ ಹೇಳದಿದ್ದರೆ ದೃಶ್ಯವೇ ನಿಲ್ಲುವುದಿಲ್ಲ.

ಬೆವರು ಹರಿಸಿದ್ದು ಮೆಟ್ಟಿಲಿನ ದೃಶ್ಯ. ಪೊಲೀಸನೆಂದು ಸುಳ್ಳು ಹೇಳಿಕೊಂಡು ಪುಂಡರ ಕಡೆಯವನೊಬ್ಬ ಮನೆಮನೆಯ ಬಾಗಿಲು ತಟ್ಟುತ್ತ ಬರುತ್ತಾನೆ. ಅವನು ಕೆಳಗಿನ ಮಹಡಿಗಳಲ್ಲಿ ಇರುವಾಗಲೇ ಮ್ಯಾಟ್‌ಗೆ ಸಿಗರೇಟು, ಸುಗಂಧದ ವಾಸನೆ ಬಡಿಯುತ್ತದೆ. (ಇದನ್ನು ಕೇಳಿ ನನ್ನ ಸೋದರಳಿಯ, “ಇದೇನು ಮಹಾಶಕ್ತಿ ಮಾವ, ಮೀನುಪೇಟೆ ನನಗೆ ಬಸ್ಸಿನಲ್ಲಿ ಕುಳಿತಾಗಲೇ ಗೊತ್ತಾಗುತ್ತದೆ” ಎಂದು ನಕ್ಕ.) ಕ್ಲೇರ್ ಹೇಗೋ ಅವನನ್ನು ಸಾಗಹಾಕುತ್ತಾಳೆ, ಆದರೆ ಅವನು ನಂಬಿಲ್ಲವೆಂದು ಮ್ಯಾಟ್‌ಗೆ ತಿಳಿಯುತ್ತದೆ. ಆಮೇಲೆ ನಡೆಯುವುದರಲ್ಲಿ ಮಾತೇ ಇಲ್ಲ. ಕಣ್ಣಿದ್ದವರಿಗೆ ಎಲ್ಲವೂ ಸ್ಪಷ್ಟ. ಕಿವಿಗೆ ಸಿಗುವುದು ಕೊನೆಯ ಸದ್ದೊಂದೇ. ನಾನು ಬರೆದದ್ದು ಇಷ್ಟು: ‘ಮ್ಯಾಟ್ ಕೈಯಲ್ಲಿ ಬೆಂಕಿ ನಂದಿಸುವ ಸಿಲಿಂಡರ್. ಮೆಟ್ಟಿಲುಗಳ ನಡುವೆ ನೆಲದವರೆಗೂ ಖಾಲಿ. ಕೆಳಗೆ ಅವನ ತಲೆ.’ ಅಲ್ಲಿಗೆ ಬಾಯಿ ಮುಚ್ಚಿದೆ. ‘ಬಿಟ್ಟ’ ಎಂಬ ಮಾತು ಸಹ ಬೇಕಿರಲಿಲ್ಲ, ಸದ್ದೇ ಅದನ್ನು ಹೇಳಿತು. ಹುಡುಗ ಕುರ್ಚಿಯಿಂದ ಅರ್ಧ ಎದ್ದು ಕೂತ.

ಎಲ್ಲರೂ ಮಾತಾಡುವುದು ಕಂತಿನ ಕೊನೆಗೆ ಬರುವ ಓಣಿಯ ಹೊಡೆದಾಟದ ಬಗ್ಗೆ. ನಿರ್ದೇಶಕ ಫಿಲ್ ಅಬ್ರಹಾಂ, ಸಾಹಸ ಸಂಯೋಜಕ ಫಿಲಿಪ್ ಸಿಲ್ವೆರಾ. ಸುಮಾರು ಮೂರು ನಿಮಿಷ ಕ್ಯಾಮೆರಾ ಒಂದೇ ಓಟದಲ್ಲಿ ಸಾಗುತ್ತದೆ. ಮ್ಯಾಟ್ ಪಾತ್ರದ ಚಾರ್ಲಿ ಕಾಕ್ಸ್ ಕೋಣೆಯೊಳಗೆ ನುಗ್ಗಿದಾಗ ಅವರ ಬದಲಿ ಸಾಹಸಿ ಕ್ರಿಸ್ ಬ್ರೂಸ್ಟರ್ ಹೊರಬರುತ್ತಾರೆ. ಕ್ಯಾಮೆರಾ ಮಾತ್ರ ಓಣಿ ಬಿಟ್ಟು ಕದಲುವುದಿಲ್ಲ. ಹಾಗಾಗಿ ಕೋಣೆಗಳೊಳಗಿನ ಹೊಡೆತ ಕಣ್ಣಿದ್ದ ಪ್ರೇಕ್ಷಕನಿಗೂ ಕಾಣುವುದಿಲ್ಲ, ಅವನೂ ಸದ್ದು ಕೇಳಿಯೇ ಊಹಿಸಬೇಕು. ಇದು ಹೊಳೆದಾಗ ನನಗೆ ಖುಷಿಯೋ ಖುಷಿ. ಕೋಣೆಯಿಂದ ಮೈಕ್ರೋವೇವ್ ಒಲೆ ಹಾರಿ ಬಂದು ಒಬ್ಬನಿಗೆ ಬಡಿಯುವುದನ್ನು ಹೇಳಲೇಬೇಕು, ಏಕೆಂದರೆ ಆ ಸದ್ದು ಏನೆಂದು ಯಾವ ಕಿವಿಗೂ ಗೊತ್ತಾಗದು. ಉಳಿದ ಗುದ್ದುಗಳಿಗೆ ನನ್ನ ಹಂಗಿಲ್ಲ.

ಇನ್ನೊಂದು ತೊಡಕು ನಮ್ಮ ವಾಕ್ಯದ್ದು. ‘ಹಿಂದಿನಿಂದ ಬಂದವನನ್ನು ಎತ್ತಿ ಎದುರಿನ ಗೋಡೆಗೆ ಬಡಿದ’ ಎಂದು ಶಿಸ್ತಾಗಿ ಹೇಳಿದರೆ ಕ್ರಿಯಾಪದ ಬರುವ ಹೊತ್ತಿಗೆ ಅವನು ಗೋಡೆಗೆ ಬಡಿದು, ಬಿದ್ದು, ಮತ್ತೆ ಎದ್ದಿರುತ್ತಾನೆ. ಅದಕ್ಕೇ ವಾಕ್ಯಗಳನ್ನು ಒಡೆದೆ: ‘ಹಿಂದಿನಿಂದ ಒಬ್ಬ. ಗೋಡೆಗೆ. ಎಡಬಾಗಿಲಿನಿಂದ ಇನ್ನಿಬ್ಬರು.’ ‘ಅವನು’ ಎಂಬ ಪದವನ್ನು ಈ ದೃಶ್ಯದಲ್ಲಿ ಮ್ಯಾಟ್‌ಗೆ ಬಳಸಲೇ ಇಲ್ಲ. ಇಲ್ಲದಿದ್ದರೆ ಯಾರು ಯಾರಿಗೆ ಹೊಡೆದರೆಂದು ಬ್ರಹ್ಮನಿಗೂ ತಿಳಿಯುವುದಿಲ್ಲ.

ಜಾಗವನ್ನು ಮೊದಲೇ ಹೇಳಿಕೊಂಡೆ. ‘ನಿನ್ನ ಹಾಸ್ಟೆಲಿನ ಓಣಿಯ ಹಾಗೆ; ಎರಡೂ ಬದಿಗೆ ಬಾಗಿಲುಗಳು, ತುದಿಯ ಕೋಣೆಯಲ್ಲಿ ಹುಡುಗ’ ಎಂದು ದೃಶ್ಯಕ್ಕೆ ಮುಂಚೆ ಒಂದೇ ಮಾತು. ಅಲ್ಲಿ ಅವನು ದಿನವೂ ಕೈಯಿಂದ ಗೋಡೆ ಸವರುತ್ತ ನಡೆಯುತ್ತಾನೆ, ಬೇರೆ ಅಳತೆ ಬೇಕಾಗಲಿಲ್ಲ. ನಡುವೆ ಸಿಕ್ಕ ಬಿಡುವನ್ನೆಲ್ಲ ಸದ್ದಿಲ್ಲದ ಸಂಗತಿಗಳಿಗೆ ಇಟ್ಟುಕೊಂಡೆ. ಮ್ಯಾಟ್ ಗೋಡೆಗೆ ಒರಗುತ್ತಾನೆ. ಕಾಲು ತತ್ತರಿಸುತ್ತದೆ. ಸುಸ್ತಾದವನ ಗುದ್ದು ಗುರಿ ತಪ್ಪುತ್ತದೆ. ಮಹಾವೀರನೊಬ್ಬ ಹೀಗೆ ದಣಿಯುವುದೇ ಈ ಕಂತಿನ ಹೆಚ್ಚುಗಾರಿಕೆ ಎಂಬುದು ನನ್ನ ಎಣಿಕೆ; ಯಾವ ಗುದ್ದು ಯಾವ ದವಡೆಗೆ ಎಂಬ ಲೆಕ್ಕ ಹೇಳಿದ್ದರೆ ಆ ದಣಿವು ಕೈತಪ್ಪುತ್ತಿತ್ತು.

ಕಂತಿನ ಹೆಸರಿಗೆ (‘ಕಟ್ ಮ್ಯಾನ್’ ಎಂದರೆ ಬಾಕ್ಸರನ ಗಾಯಕ್ಕೆ ಆರೈಕೆ ಮಾಡುವವನು) ಕಾರಣವಾದ ಹಿಂದಿನ ಕಥೆಗೆ ನಾನು ಹೆಚ್ಚು ಕೈ ಹಾಕಲಿಲ್ಲ. ಬಾಕ್ಸರ್ ಅಪ್ಪ ಗಾಯ ಮಾಡಿಕೊಂಡು ಬರುತ್ತಾನೆ, ಪುಟ್ಟ ಮಗ ಅವನ ಮುಖಕ್ಕೆ ಹೊಲಿಗೆ ಹಾಕುತ್ತಾನೆ, ಕೈ ನಡುಗದಿರಲೆಂದು ಅಪ್ಪನೇ ಅವನಿಗೆ ಒಂದು ಗುಟುಕು ಮದ್ಯ ಕೊಡುತ್ತಾನೆ. ಸಂಭಾಷಣೆಯೇ ಬಹುಪಾಲು ಹೊತ್ತುಕೊಳ್ಳುತ್ತದೆ. ಅಲ್ಲಿ ‘ಸೂಜಿ, ಹುಬ್ಬಿನ ಬಳಿ’ ಎಂದರೆ ಸಾಕು.

ಶೀರ್ಷಿಕೆಯ ಒಂದು ನಿಮಿಷ ಮಾತ್ರ ಪೂರ್ತಿ ನನ್ನದಾಗಿತ್ತು, ಸಂಗೀತ ಬಿಟ್ಟರೆ ಅಲ್ಲಿ ಬೇರೇನೂ ಇಲ್ಲ. ಕೆಂಪು ದ್ರವ ಸುರಿದು ನಗರದ ಆಕಾರಗಳು ಮೂಡುತ್ತವೆ, ಕಣ್ಣಿಗೆ ಬಟ್ಟೆ ಕಟ್ಟಿದ ನ್ಯಾಯದೇವತೆ ಮೂಡುತ್ತಾಳೆ. ನಮ್ಮ ಸುಪ್ರೀಂ ಕೋರ್ಟಿನ ನ್ಯಾಯಾಧೀಶರ ಗ್ರಂಥಾಲಯದಲ್ಲಿ ಇಟ್ಟ ಹೊಸ ಪ್ರತಿಮೆಗೆ ಕಣ್ಣುಪಟ್ಟಿಯಿಲ್ಲ, ಕೈಯಲ್ಲಿ ಕತ್ತಿಯ ಬದಲು ಸಂವಿಧಾನವಿದೆ ಎಂದು 2024ರಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು. ಅದನ್ನೂ ಹೇಳಿದೆ. “ಕಣ್ಣು ಬಿಟ್ಟ ತಕ್ಷಣ ತೀರ್ಪು ಬೇಗ ಬರುತ್ತದೆಯೇ ಮಾವ?” ಎಂದ. ನಮ್ಮ ಮನೆಯ ಅಡಿಕೆ ತೋಟದ ವ್ಯಾಜ್ಯ ಅವನಿಗೂ ಗೊತ್ತು.

ಬರೆದದ್ದನ್ನು ಮೊಬೈಲಿನಲ್ಲಿ ಓದಿ ಧ್ವನಿಮುದ್ರಿಸಿದೆ. ಮೊದಲ ಮಾತಿಗೂ ಕಂತಿನ ಮೊದಲ ಸದ್ದಿಗೂ ತಾಳೆಯಾಗಲು ‘ಒಂದು, ಎರಡು, ಮೂರು’ ಎಂದು ಎಣಿಸಿ, ಮೂರಕ್ಕೆ ಟಿವಿ ಚಾಲೂ ಮಾಡುವ ವ್ಯವಸ್ಥೆ. ನನ್ನ ದನಿ ಅವನ ಒಂದು ಕಿವಿಯ ಇಯರ್‌ಫೋನಿನಲ್ಲಿ, ಕಂತಿನ ಸದ್ದು ಇನ್ನೊಂದು ಕಿವಿಗೆ. ಕರೆಂಟು ಹೋದರೆ ಎರಡನ್ನೂ ನಿಲ್ಲಿಸಿ ಮತ್ತೆ ಹೊಂದಿಸಬೇಕು. ಜುಲೈ ತಿಂಗಳಿನ ಕುಮಟಾದಲ್ಲಿ ಕರೆಂಟಿನ ಮಾತು ಬೇಡ. ಅದಕ್ಕಾಗಿ ಧ್ವನಿಮುದ್ರಣವನ್ನು ದೃಶ್ಯಕ್ಕೊಂದರಂತೆ ತುಂಡು ಮಾಡಿ ಇಟ್ಟುಕೊಂಡೆ.

ಮೂರನೇ ಕಂತಿಗೆ ಅವನು ಒಂದು ಷರತ್ತು ಹಾಕಿದ್ದಾನೆ: ಬರೆದದ್ದನ್ನು ಮುದ್ರಿಸುವ ಮೊದಲು ಅವನಿಗೆ ಓದಿ ಹೇಳಬೇಕು, ಬೇಡದ ಮಾತುಗಳನ್ನು ಅವನೇ ಹೊಡೆದುಹಾಕಿಸುತ್ತಾನೆ. ನಾನು ಒಪ್ಪಿದ್ದೇನೆ. ನ್ಯಾಯಾಲಯದ ದೃಶ್ಯದಲ್ಲಿ ಮಾತೇ ಜಾಸ್ತಿ, ನನ್ನ ಪಾಲಿಗೆ ಹೆಚ್ಚೇನೂ ಉಳಿಯುವಂತೆ ಕಾಣುವುದಿಲ್ಲ.